ಬಾವಿ, ಗೋಬರ್ ಗ್ಯಾಸ್ ಗುಂಡಿಗಳ ವಿಷಾನಿಲ ಮತ್ತು ಅನಿಲ ಸಂವೇದಕ

ಬೀದರ್, ಭಾಲ್ಕಿ, ಔರಾದ್ ಭಾಗದ ರೈತ ಬಾಂಧವರು ಹಳೆಯ ಬಾವಿಯ ಹೂಳೆತ್ತಲು ಅಥವಾ ಗೋಬರ್ ಗ್ಯಾಸ್ ಗುಂಡಿ ಶುಚಿಗೊಳಿಸಲು ಇಳಿಯುವ ಮುನ್ನ ಒಳಗಿನ ಗಾಳಿಯನ್ನು ಪರೀಕ್ಷಿಸುವುದು ಅತ್ಯವಶ್ಯಕ. ಸಗಣಿ ಕೊಳೆಯುವಲ್ಲಿ ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿಯಾಗುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲವು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗ ತಲುಪಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಇಲ್ಲವೆಂದು ಇಳಿಯುವುದು ಪ್ರಾಣಾಪಾಯಕರ. ದೀಪ ಇಳಿಬಿಡುವ ರೂಢಿಯು ಆಮ್ಲಜನಕದ ತೀವ್ರ ಕೊರತೆಯನ್ನಷ್ಟೇ ತಿಳಿಸುತ್ತದೆ. ಮೀಥೇನ್ ಇರುವ ಗುಂಡಿಯಲ್ಲಂತೂ ಅದೇ ದೀಪ ಸ್ಫೋಟಕ್ಕೆ ಕಾರಣವಾದೀತು.

ಬೆಂಗಳೂರಿನಲ್ಲಿ 1934ರಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾಲಯದ ಪದವಿಯ ನಂತರ 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ರಸಾಯನಶಾಸ್ತ್ರಜ್ಞ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡವು ಟಂಗ್‌ಸ್ಟನ್ ಆಕ್ಸೈಡಿನ ಅತಿಸೂಕ್ಷ್ಮ ರಚನೆಗಳಿಂದ ಈ ಅನಿಲವನ್ನು ಪತ್ತೆಹಚ್ಚುವ ಸಂವೇದಕಗಳನ್ನು ಅಧ್ಯಯನ ಮಾಡಿದೆ. ಕಾಯಿಸಿದ ಆಕ್ಸೈಡಿನ ಮೇಲ್ಮೈಯಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟಿರುತ್ತದೆ. ವಿಷಾನಿಲವು ಆ ಆಮ್ಲಜನಕದೊಡನೆ ವರ್ತಿಸಿದೊಡನೆ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿಕೆಯೇ ಅನಿಲದ ಅಳತೆ.

ಮಾರುಕಟ್ಟೆಯಲ್ಲಿ ನಾಲ್ಕು ಅನಿಲ ಅಳೆಯುವ ಕೈ ಉಪಕರಣಗಳು ದೊರೆಯುತ್ತವೆ. ಒಬ್ಬೊಬ್ಬರಿಗೂ ಇದು ದುಬಾರಿ. ಊರಿನ ಸಹಕಾರ ಸಂಘಕ್ಕೊಂದು ಇದ್ದರೆ ಸಾಕು. ಹಗ್ಗದಿಂದ ಇಳಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಅಥವಾ ಉಪಕರಣ ಎಚ್ಚರಿಕೆಯ ಸದ್ದು ಮಾಡಿದರೆ ಇಳಿಯಬಾರದು. ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಧುಮುಕದೆ 112ಕ್ಕೆ ಕರೆ ಮಾಡತಕ್ಕದ್ದು.