ತಂತ್ರಾಂಶ ಕೈಪಿಡಿಗಳಲ್ಲಿ ಲೇಖನಗಳ ಉಲ್ಲೇಖಕ್ರಮ

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಆಕರಸೂಚನೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಂದು ಪಾಠಾಂತರವು ಯಾವ ಪ್ರತಿಯ ಎಷ್ಟನೆಯ ಗರಿಯಲ್ಲಿದೆಯೆಂದು ತಿಳಿಸದಿದ್ದರೆ ಅದನ್ನು ಪರಿಶೀಲಿಸುವ ದಾರಿಯೇ ಮುಚ್ಚಿಹೋಗುತ್ತದೆ. ಭಾಷಾಸಂಶೋಧನೆಯು ಗಣಕದ ನೆರವನ್ನು ಪಡೆಯುತ್ತಿರುವ ಈ ಕಾಲದಲ್ಲಿ ತಂತ್ರಾಂಶದ ಕೈಪಿಡಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ತಂತ್ರಾಂಶವು ಯಾವ ಲೇಖನದ ತತ್ತ್ವವನ್ನು ಆಧರಿಸಿದೆಯೋ ಆ ಲೇಖನವನ್ನು ಓದುಗನು ನಿಸ್ಸಂದಿಗ್ಧವಾಗಿ ಹುಡುಕಿ ತೆಗೆಯುವಂತಿರಬೇಕು.

ಚೆನ್ನೈಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಮದರಾಸು ಐ.ಐ.ಟಿ.ಯ ‘ಎಐ4ಭಾರತ್’ ತಂಡವು ಸಿದ್ಧಪಡಿಸಿದ ‘ಸಮಾನಂತರ್’ ಸಂಗ್ರಹದಲ್ಲಿ ಇಂಗ್ಲಿಷಿಗೂ ಕನ್ನಡವೂ ಸೇರಿದಂತೆ 11 ಭಾರತೀಯ ಭಾಷೆಗಳಿಗೂ ನಡುವಣ ಸಮಾನಾರ್ಥಕ ವಾಕ್ಯಯುಗ್ಮಗಳಿವೆ. ಇದನ್ನು ವಿವರಿಸುವ ಲೇಖನವು 2021ರಲ್ಲಿ ‘ಆರ್ಕೈವ್’ ಎಂಬ ಮುನ್ಮುದ್ರಣ ಭಂಡಾರದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ‘ಟ್ರಾನ್ಸಾಕ್ಷನ್ಸ್ ಆಫ್ ದಿ ಅಸೋಸಿಯೇಷನ್ ಫಾರ್ ಕಂಪ್ಯುಟೇಷನಲ್ ಲಿಂಗ್ವಿಸ್ಟಿಕ್ಸ್’ ಪತ್ರಿಕೆಯ 10ನೆಯ ಸಂಪುಟದಲ್ಲಿ 145ರಿಂದ 162ನೆಯ ಪುಟಗಳವರೆಗೆ ಅಚ್ಚಾಯಿತು. ಕೈಪಿಡಿಯಲ್ಲಿ ಯಾವುದನ್ನು ಉಲ್ಲೇಖಿಸಬೇಕು? ವಿದ್ವಾಂಸರ ಪರಿಶೀಲನೆಗೊಳಪಟ್ಟು ಪ್ರಕಟವಾದ ಎರಡನೆಯದನ್ನೇ. ಮುನ್ಮುದ್ರಣವನ್ನು ಹೆಸರಿಸಿದರೆ ವರ್ಷವೂ ಬೇರೆಯಾಗುತ್ತದೆ, ಸಂಪುಟ ಮತ್ತು ಪುಟಸಂಖ್ಯೆಗಳೂ ಇಲ್ಲವಾಗುತ್ತವೆ.

ಲೇಖಕ, ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ಪುಟ, ವರ್ಷ ಇವು ಉಲ್ಲೇಖದ ಅಂಗಗಳು. ಇವುಗಳ ಜೊತೆಗೆ ಡಿ.ಓ.ಐ. ಎಂಬ ಸ್ಥಿರ ಗುರುತು ಇದ್ದಲ್ಲಿ ಅದನ್ನು ಜಾಲವಿಳಾಸದ ಪೂರ್ಣರೂಪದಲ್ಲಿ ಕೊಡಬೇಕು. ಪ್ರಕಾಶಕರ ಪುಟದ ವಿಳಾಸವು ಬದಲಾಗಬಹುದು, ಡಿ.ಓ.ಐ. ಬದಲಾಗದು.

ನಮ್ಮ ಹೆಸರುಗಳ ವಿಷಯದಲ್ಲಿ ತೊಡಕು ಹೆಚ್ಚು. 1985ರಲ್ಲಿ ಬಂದ ‘ಬಿಬ್‌ಟೆಕ್’ ತಂತ್ರಾಂಶದ ಕ್ರಮದಲ್ಲಿ ಹೆಸರನ್ನು ಅಲ್ಪವಿರಾಮವಿಲ್ಲದೆ ರೋಮನ್ ಲಿಪಿಯಲ್ಲಿ ಬರೆದರೆ ಅದರ ಕೊನೆಯ ಪದವೇ ಕುಲನಾಮವೆಂದು ಗಣಿತವಾಗುತ್ತದೆ. ಕಿಟ್ಟೆಲ್ ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯದಿಂದ ಹೊರತಂದ ಎಂ. ಮರಿಯಪ್ಪ ಭಟ್ಟರನ್ನೇ ನೋಡಬಹುದು. ನಮ್ಮ ಪಟ್ಟಿಗಳ ವಾಡಿಕೆಯಂತೆ ‘ಮರಿಯಪ್ಪ ಭಟ್ ಎಂ.’ ಎಂದು ನಮೂದಿಸಿದರೆ ಗಣಕವು ‘ಎಂ.’ ಎಂಬುದನ್ನು ಕುಲನಾಮವಾಗಿ ಗ್ರಹಿಸಿ, ಹೆಸರನ್ನು ಮೊಟಕುಗೊಳಿಸುವ ಶೈಲಿಗಳಲ್ಲಿ ‘ಎಂ. ಬಿ. ಎಂ.’ ಎಂದು ಅಚ್ಚಿಸುತ್ತದೆ. ವಿದ್ವಾಂಸರ ಹೆಸರೇ ಅಳಿಸಿಹೋಗುತ್ತದೆ. ‘ಮರಿಯಪ್ಪ ಭಟ್’ ಎಂಬುದರ ನಂತರ ಒಂದು ಅಲ್ಪವಿರಾಮವನ್ನಿಟ್ಟು ‘ಎಂ.’ ಎಂದು ಬರೆದರೆ ಈ ತೊಂದರೆಯಿಲ್ಲ. ‘ಸಮಾನಂತರ್’ ಲೇಖನದ ಲೇಖಕರಲ್ಲಿಯೂ ಇಬ್ಬರ ಹೆಸರಿನ ಕೊನೆಗೆ ಬರಿಯ ಇನಿಷಿಯಲ್ ಇದೆ. ತಂದೆಯ ಅಥವಾ ಊರಿನ ಹೆಸರನ್ನು ಇನಿಷಿಯಲ್ ಆಗಿ ಧರಿಸುವ ತಮಿಳರಿಗೂ ಕನ್ನಡಿಗರಿಗೂ ಇದು ಸಮಾನ ಸಮಸ್ಯೆ. ಆದ್ದರಿಂದ ಲೇಖಕರು ತಾವೇ ಬಳಸುವ ರೂಪವನ್ನು ವಿಚಾರಿಸಿಕೊಂಡು ನಮೂದಿಸುವುದು ಯುಕ್ತ.

ಸಂಸ್ಥೆಯೇ ಲೇಖಕನಾಗಿದ್ದರೆ ಅದರ ಪೂರ್ಣ ಹೆಸರನ್ನು ಪುಷ್ಪಾವರಣದೊಳಗೆ ಇಡಬೇಕು. ಇಲ್ಲವಾದರೆ ಕೊನೆಯ ಪದ ಮಾತ್ರ ಕುಲನಾಮವಾದೀತು. ಶೀರ್ಷಿಕೆಗೂ ಇದೇ ರಕ್ಷಣೆ ಬೇಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಭೇದವಿಲ್ಲ. ಆದರೆ ರೋಮನ್ ಲಿಪಿಯ ಶೀರ್ಷಿಕೆಯಲ್ಲಿ ಮೊದಲಕ್ಷರದ ಹೊರತು ಉಳಿದವನ್ನೆಲ್ಲ ಬಿಬ್‌ಟೆಕ್‌ನ ಸಾಮಾನ್ಯ ಶೈಲಿಗಳು ಸಣ್ಣಕ್ಷರಕ್ಕೆ ಇಳಿಸುತ್ತವೆ. ‘ಕನ್ನಡ’ವೆಂಬ ಅಂಕಿತನಾಮವೂ ಅದರಲ್ಲಿ ಸೇರುತ್ತದೆ. ಪುಷ್ಪಾವರಣವು ಅದನ್ನು ಕಾಯುತ್ತದೆ.

ಉಲ್ಲೇಖದ ಮಾಹಿತಿಯನ್ನು ‘ಸೈಟೇಶನ್’ ಎಂಬ ಹೆಸರಿನ ಪ್ರತ್ಯೇಕ ಕಡತದಲ್ಲಿ ಇಡುವ ಪದ್ಧತಿಯೂ ಬೆಳೆದಿದೆ. ‘ಗಿಟ್‌ಹಬ್’ ಭಂಡಾರವು 2021ರಿಂದ ಇಂಥ ಕಡತವನ್ನು ಓದಿ ಬಳಕೆದಾರನಿಗೆ ಸಿದ್ಧ ಉಲ್ಲೇಖವನ್ನು ಒದಗಿಸುತ್ತದೆ. ಮೂಲದಲ್ಲಿ ಒಮ್ಮೆ ತಪ್ಪು ಸೇರಿದರೆ ಅದನ್ನು ನಕಲುಮಾಡುವವರೆಲ್ಲರ ಬರಹದಲ್ಲಿಯೂ ಅದು ಹರಡುತ್ತದೆ. ಲಿಪಿಕಾರನ ಸ್ಖಾಲಿತ್ಯವು ಪ್ರತಿಯಿಂದ ಪ್ರತಿಗೆ ಸಾಗುವುದನ್ನು ಕಂಡಿರುವ ನಮಗೆ ಇದು ಅಪರಿಚಿತವಲ್ಲ.

ಡಿ.ಓ.ಐ. ಇಲ್ಲದ ಹಳೆಯ ಕನ್ನಡ ಲೇಖನಗಳನ್ನು ಉಲ್ಲೇಖಿಸುವಾಗ ಎಚ್ಚರ ಇಮ್ಮಡಿಯಾಗಬೇಕು. ಶೀರ್ಷಿಕೆಯನ್ನು ಅಚ್ಚಾದಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟು, ಲಿಪ್ಯಂತರವನ್ನು ಒಂದೇ ಪದ್ಧತಿಯಲ್ಲಿ ಸೇರಿಸಿ, ಸಂಪುಟ, ಸಂಚಿಕೆ, ಪುಟ, ವರ್ಷಗಳನ್ನು ಬಿಡದೆ ನಮೂದಿಸಬೇಕು. ಕನ್ನಡ ವಿದ್ವತ್ತಿನ ಫಲವನ್ನು ಬಳಸುವ ತಂತ್ರಾಂಶವು ಆ ಋಣವನ್ನು ಸರಿಯಾದ ಹೆಸರಿಗೇ ಸಲ್ಲಿಸಬೇಕೆಂಬುದು ಇಲ್ಲಿನ ಆಶಯ.