ರೋಗಿಯ ಹಕ್ಕು

ಕಾಯಿಲೆಯವರನ್ನು ಕಾಣಲು ಹೋಗುವುದಕ್ಕೆ ಕನ್ನಡದಲ್ಲಿ ಪ್ರತ್ಯೇಕವಾದ ಪದ ಬಳಕೆಯಲ್ಲಿಲ್ಲ. ‘ಮಾತನಾಡಿಸಿಕೊಂಡು ಬರೋಣ’ ಎನ್ನುತ್ತೇವೆ. ಅರಬ್ಬಿಯಲ್ಲಿ ಅದಕ್ಕೆಂದೇ ಒಂದು ಪದವುಂಟು. ಉರ್ದುವಿನ ಮೂಲಕ ನಮ್ಮ ನಾಡಿನ ಮುಸಲ್ಮಾನರ ಮನೆಗಳಲ್ಲಿಯೂ ಅದು ಕೇಳಿಬರುತ್ತದೆ: ಇಯಾದತ್. ಮರಳಿ ಬರುವುದೆಂಬುದು ಅದರ ಧಾತುವಿನ ಅರ್ಥ. ರೂಢಿ ಎಂಬರ್ಥದ ‘ಆದತ್’ ಕೂಡ ಅದೇ ಧಾತುವಿನಿಂದ ಹುಟ್ಟಿದ್ದು. ಒಮ್ಮೆ ಮುಖ ತೋರಿಸಿ ಬಂದರೆ ತೀರುವ ಕರ್ತವ್ಯ ಇದಲ್ಲವೆಂಬ ಸೂಚನೆ ಆ ಪದದಲ್ಲಿಯೇ ಇರುವಂತೆ ತೋರುತ್ತದೆ.

ಪೈಗಂಬರರ ನಡೆನುಡಿಗಳ ಸಂಗ್ರಹಗಳಾದ ಹದೀಸುಗಳು ಇದನ್ನು ಹಕ್ಕುಗಳ ಸಾಲಿನಲ್ಲಿ ಸೇರಿಸುತ್ತವೆ. ಜಮೀನು, ಪಾಲುಪಾರೀಕತ್ತುಗಳ ಸಂದರ್ಭದಲ್ಲಿ ನಾವು ನಿತ್ಯವೂ ಬಳಸುವ ‘ಹಕ್ಕು’ ಅರಬ್ಬಿಯಿಂದ ಬಂದ ಪದವೇ. ಸಲಾಮಿಗೆ ಪ್ರತಿ ಸಲಾಮು, ಶವಯಾತ್ರೆಯಲ್ಲಿ ಜೊತೆಗೂಡುವುದು, ಇವುಗಳಂತೆಯೇ ಕಾಯಿಲೆಯಲ್ಲಿ ಬಂದು ಕಾಣುವುದೂ ಒಬ್ಬ ಮುಸಲ್ಮಾನನಿಗೆ ಇನ್ನೊಬ್ಬನಿಂದ ಸಲ್ಲಬೇಕಾದದ್ದು. ಹಾಗೆಂದು ಸ್ವಮತೀಯರಿಗೇ ಅದು ಮುಗಿಯಲಿಲ್ಲ; ತಮ್ಮ ಸೇವೆಯಲ್ಲಿದ್ದ ಯೆಹೂದಿ ಹುಡುಗನೊಬ್ಬ ಹಾಸಿಗೆ ಹಿಡಿದಾಗ ಪೈಗಂಬರರು ಹೋಗಿ ಅವನ ತಲೆಯ ಬಳಿ ಕುಳಿತರೆಂಬುದು ಬುಖಾರಿಯವರ (ನಿಧನ 870) ಸಂಗ್ರಹದಲ್ಲಿದೆ. ಮುಸ್ಲಿಂ ಎಂಬ ಸಂಗ್ರಹಕಾರರ (ನಿಧನ 875) ಗ್ರಂಥ ಇನ್ನೂ ಮುಂದಕ್ಕೆ ಹೋಗುತ್ತದೆ. ತೀರ್ಪಿನ ದಿನ ಭಗವಂತನು, ತಾನು ಕಾಯಿಲೆಯಲ್ಲಿದ್ದಾಗ ಏಕೆ ಬರಲಿಲ್ಲವೆಂದು ಮನುಷ್ಯನನ್ನು ಕೇಳುವನಂತೆ. ಲೋಕಗಳ ಒಡೆಯನಿಗೆ ಕಾಯಿಲೆಯೆ ಎಂದು ಮನುಷ್ಯ ಬೆರಗಾದಾಗ, ಇಂಥ ದಾಸನೊಬ್ಬ ಮಲಗಿದ್ದನಲ್ಲ, ಅಲ್ಲಿಗೆ ಹೋಗಿದ್ದರೆ ನನ್ನನ್ನು ಕಾಣುತ್ತಿದ್ದೆ ಎಂಬ ಉತ್ತರ ಬರುವುದಂತೆ.

ಹಕ್ಕು ರೋಗಿಯದಾದ ಮೇಲೆ ಭೇಟಿಯ ಅಳತೆಗೋಲೂ ಅವನದೇ. ಪೈಗಂಬರರು ಒಮ್ಮೆ ಮರುಭೂಮಿಯ ವೃದ್ಧನೊಬ್ಬನನ್ನು ನೋಡಲು ಹೋದರು. ಚಿಂತೆಯಿಲ್ಲ, ದೈವೇಚ್ಛೆಯಿದ್ದರೆ ಈ ಬೇನೆ ನಿನ್ನನ್ನು ಶುದ್ಧಗೊಳಿಸುತ್ತದೆ ಎಂದು ವಾಡಿಕೆಯಂತೆ ಸಂತೈಸಿದರು. ಮುದುಕನಿಗೆ ಅದು ಹಿಡಿಸಲಿಲ್ಲ. ಶುದ್ಧಿಯಲ್ಲ, ಇದು ಮುದುಕನ ಮೈಯಲ್ಲಿ ಕುದಿಯುತ್ತಿರುವ ಜ್ವರ, ಗೋರಿಗೊಯ್ಯುವಂಥದು ಎಂದು ಬಿರುಸಾಗಿ ನುಡಿದ. ಹಾಗಾದರೆ ಹಾಗೆಯೇ ಎಂದು ಅವರು ಸುಮ್ಮನಾದರು. ವ್ಯಾಖ್ಯಾನಕಾರರು ಇದರಲ್ಲಿ ನಿರಾಶೆಗೊಂದು ಎಚ್ಚರಿಕೆಯನ್ನು ಕಾಣುತ್ತಾರೆ. ಆದರೆ ಸಾಂತ್ವನವನ್ನು ತಳ್ಳಿಹಾಕಿದ ಆ ಒರಟು ಮಾತನ್ನು ಪರಂಪರೆ ಅಳಿಸದೆ ಉಳಿಸಿಕೊಂಡಿದೆಯಲ್ಲ, ನನಗೆ ಅದೇ ದೊಡ್ಡದೆನಿಸುತ್ತದೆ.

ಗಜಾಲಿಯವರು (ನಿಧನ 1111) ಭೇಟಿಯ ಶಿಷ್ಟಾಚಾರವನ್ನು ಅಡಕವಾಗಿ ಹೇಳಿದ್ದಾರೆ: ಹೆಚ್ಚು ಹೊತ್ತು ಕೂರಬಾರದು, ಹೆಚ್ಚು ಪ್ರಶ್ನಿಸಬಾರದು, ಕನಿಕರ ತೋರಿ ಪ್ರಾರ್ಥಿಸಬೇಕು, ಆ ಸ್ಥಳದಲ್ಲಿ ಕಾಣಬಾರದ್ದರ ಮೇಲೆ ಕಣ್ಣು ಹಾಯಿಸಬಾರದು. ರೋಗಿಯ ತಲೆದೆಸೆಯಲ್ಲಿ ಕುಳಿತು ತಮ್ಮ ನೆಂಟರಿಷ್ಟರ ಕಾಯಿಲೆಗಳ ಪುರಾಣ ಬಿಚ್ಚುವವರನ್ನು ಕಂಡವರಿಗೆ ಮೊದಲಿನ ಎರಡನ್ನು ವಿವರಿಸಬೇಕಾಗಿಲ್ಲ.

632ರಲ್ಲಿ, ಪೈಗಂಬರರ ಕೊನೆಯ ಹಜ್ ಯಾತ್ರೆಯ ಕಾಲದಲ್ಲಿ, ಮಕ್ಕಾದಲ್ಲಿ ಸಅದ್ ಇಬ್ನ್ ಅಬಿ ವಕ್ಕಾಸ್ ಸಾಯುವಷ್ಟು ಕಾಯಿಲೆ ಬಿದ್ದರು. ದೇವರಿಗಾಗಿ ತೊರೆದು ಹೋದ ಊರಿನಲ್ಲಿಯೇ ಸಾಯಬೇಕಾಯಿತೇ ಎಂಬ ಅಳಲು ಅವರದು. ನೋಡಲು ಬಂದ ಪೈಗಂಬರರನ್ನು ಅವರು ಕೇಳಿದರು: ಆಸ್ತಿಯಿದೆ, ವಾರಸುದಾರಳು ಮಗಳೊಬ್ಬಳೇ, ಮೂರರಲ್ಲಿ ಎರಡು ಪಾಲು ದಾನ ಮಾಡಲೇ? ಬೇಡವೆಂದರು. ಅರ್ಧ? ಅದೂ ಬೇಡ. ಮೂರರಲ್ಲಿ ಒಂದು ಸಾಕು, ಅದೇ ಹೆಚ್ಚು. ಹಿಂದುಳಿದವರು ಪರರ ಮುಂದೆ ಕೈಯೊಡ್ಡುವಂತಾಗುವುದಕ್ಕಿಂತ ಅವರನ್ನು ಅನುಕೂಲವಾಗಿ ಬಿಟ್ಟುಹೋಗುವುದು ಮೇಲು ಎಂದರು. ಮರಣಭಯದಲ್ಲಿರುವವನ ಔದಾರ್ಯವನ್ನು ಹೊಗಳಿಬಿಡುವುದು ಸುಲಭವಿತ್ತು. ಅವರು ಅಲ್ಲಿಲ್ಲದ ಮಗಳ ಪರವಾಗಿ ಮಾತನಾಡಿದರು. ಸಾಲ ಮುಂತಾದವು ತೀರಿದ ಮೇಲೆ ಉಳಿಯುವ ಆಸ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನದನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲು ಮಾಡುವಂತಿಲ್ಲ ಎಂಬ ನಿಯಮಕ್ಕೆ ಈ ಮಾತೇ ಆಧಾರ. ಭಾರತದ ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಸಅದರು ಸಾಯಲಿಲ್ಲ. ಮುಂದೆ ಕಾದಿಸಿಯ್ಯಾದಲ್ಲಿ ಪಾರಸಿಕರ ವಿರುದ್ಧ ಸೇನೆ ನಡೆಸಿ, ನಾಲ್ಕು ದಶಕಗಳಷ್ಟು ಕಾಲ ಬಾಳಿದರು. ಅಂದು ಪೈಗಂಬರರು ತಮ್ಮ ಹಣೆಯ ಮೇಲೆ ಕೈಯಿಟ್ಟು, ಮುಖವನ್ನೂ ಹೊಟ್ಟೆಯನ್ನೂ ಸವರಿದರೆಂದೂ, ಆ ಕೈಯ ತಂಪು ಒಡಲೊಳಗೆ ಇನ್ನೂ ಇರುವಂತಿದೆಯೆಂದೂ ಅವರು ಹೇಳುತ್ತಿದ್ದುದನ್ನು ಅವರ ಮಗಳು ಆಯಿಷಾ ವರದಿಮಾಡಿದ್ದಾರೆ.