ನಕ್ಷೆಯೂ ಕಟ್ಟಡವೂ ಒಂದೇ ಕೈಯಲ್ಲಿ

ನಕ್ಷೆ ಬರೆಯುವವನೂ ಕಟ್ಟುವವನೂ ಒಬ್ಬನೇ ಆದರೆ ಹೊಣೆಯ ಜಗಳವೇ ತೀರಿತೆಂದು ಅನೇಕರು ಎಣಿಸಿರುವರು. ನಮಗೆ ಹಾಗೆ ತೋರದು. ಸಲಹೆಗಾರ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ೧೯೯೯ರಲ್ಲಿ ಹೊರಡಿಸಿ ೨೦೧೭ರಲ್ಲಿ ಪರಿಷ್ಕರಿಸಿದ ಎರಡು ಮಾದರಿ ಕರಾರುಗಳನ್ನೇ ನೋಡಿರಿ. ಕೆಲಸವು ಉದ್ದೇಶಕ್ಕೆ ಒದಗುವಂತಿರಬೇಕೆಂಬ ಭಾರವು ಎರಡರಲ್ಲಿಯೂ ಕಂಟ್ರಾಕ್ಟರನದೇ. ಆದರೆ ಕೆಲಸ ಮಾಡಿಸುವವನು ಬರೆದುಕೊಟ್ಟ ಬೇಡಿಕೆಯೇ ತಪ್ಪಾಗಿದ್ದರೆ? ಅನುಭವಶಾಲಿಯ ಕಣ್ಣಿಗೂ ಮೊದಲೇ ಬೀಳಲಾರದಿದ್ದ ತಪ್ಪಾದರೆ, ಹಳದಿ ಪುಸ್ತಕವು ಕಂಟ್ರಾಕ್ಟರನಿಗೆ ಹೆಚ್ಚಿನ ಕಾಲವನ್ನೂ ಹಣವನ್ನೂ ಕೊಡಿಸುತ್ತದೆ. ಬೆಳ್ಳಿ ಪುಸ್ತಕದಲ್ಲಿಯೋ, ಕೆಲವೇ ಅಂಶಗಳ ಹೊರತು, ಅದೂ ಅವನ ತಲೆಗೇ. ನಡುವೆ ನಿಲ್ಲುವ ಇಂಜಿನಿಯರನೂ ಅಲ್ಲಿಲ್ಲ. ಕಂಟ್ರಾಕ್ಟರನೇನು ದಡ್ಡನೇ? ಆ ಭಯದ ಬೆಲೆಯನ್ನು ಟೆಂಡರಿನಲ್ಲಿಯೇ ಸೇರಿಸುವನು; ತೆರುವುದು ಸಾರ್ವಜನಿಕರ ಬೊಕ್ಕಸ. ನೆಲದೊಳಗಿನ ಕೆಲಸ ಹೆಚ್ಚಿದ್ದು ಮುಂದಾಗಿ ಪರೀಕ್ಷಿಸಲು ಆಸ್ಪದವಿಲ್ಲದ ಕಡೆ ಇದು ತಕ್ಕುದಲ್ಲವೆಂದು ಬೆಳ್ಳಿ ಪುಸ್ತಕದ ೧೯೯೯ರ ಪೀಠಿಕೆಯೇ ಎಚ್ಚರಿಸಿತ್ತು. ಸುರಂಗದ ಕೆಲಸಕ್ಕೆ ಈ ಮಾದರಿಯನ್ನು ಆರಿಸುವ ಅಧಿಕಾರಿಗಳು ಆ ಪುಟವನ್ನು ಓದಿರುವರೇ ಎಂದು ಕೇಳುತ್ತೇವೆ.